ಲ್ಯಾಂಬ್ರೆಟ್ಟಾದ ಮುಂಚಕ್ರ

ಜಟಕಾ ಗಾಡಿಯಲ್ಲಿ ಕುಳಿತು ಮೈಸೂರಿನ ಬೀದಿಗಳಲ್ಲಿ ಸಂಚರಿಸಿದವರಿಗೆ ಅದರ ಒಂದು ಗುಣವು ನೆನಪಿನಲ್ಲಿ ಉಳಿದಿರಬಹುದು: ಚಕ್ರವು ಹಳ್ಳಕ್ಕೆ ಇಳಿದಾಗ ಗಾಡಿಯು ಒಮ್ಮೆ ತಗ್ಗುತ್ತಿತ್ತು, ಒಮ್ಮೆ ಏಳುತ್ತಿತ್ತು, ಮೂರನೆಯ ಸಲಕ್ಕೆ ಸುಮ್ಮನಾಗುತ್ತಿತ್ತು. ಅಚ್ಚಿನ ಮೇಲೆ ಕುಳಿತ ಕಮಾನು, ಎಂದರೆ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಆ ಕಟ್ಟು, ಭಾರವನ್ನು ಹೊರುವುದರ ಜೊತೆಗೆ ಮತ್ತೊಂದು ಕಾರ್ಯವನ್ನೂ ಮಾಡುತ್ತಿತ್ತು. ಭಾರಕ್ಕೆ ಬಾಗುವಾಗಲೂ ಮರಳಿ ಏಳುವಾಗಲೂ ಆ ಪಟ್ಟಿಗಳು ಪರಸ್ಪರ ಉಜ್ಜಿಕೊಂಡು, ಕುಲುಕಾಟದ ಶಕ್ತಿಯನ್ನು ಘರ್ಷಣೆಯಲ್ಲಿಯೇ ಸವೆಸಿಬಿಡುತ್ತಿದ್ದುವು. ಕಮಾನಿನ ಸ್ಥಾನಕ್ಕೆ ಸುರುಳಿಯ ಸ್ಪ್ರಿಂಗು ಬಂದಾಗ ಹಗುರವೂ ಮೃದುತ್ವವೂ ಲಭಿಸಿದುವು, ಆದರೆ ಈ ಉಜ್ಜುವಿಕೆ ಮಾತ್ರ ಮಾಯವಾಯಿತು. ಸುರುಳಿಯು ಪಡೆದುದನ್ನು ಕಾಸಿಗೆ ಕಾಸು ಹಿಂದಿರುಗಿಸುವ ಪ್ರಾಮಾಣಿಕ ಸಾಲಗಾರನಂತೆ. ರಸ್ತೆಯು ಕೊಟ್ಟ ಪೆಟ್ಟನ್ನೆಲ್ಲ ಅದು ತನ್ನೊಳಗೆ ಇಟ್ಟುಕೊಂಡು ಮರುಕ್ಷಣದಲ್ಲಿ ಸವಾರನಿಗೆ ಒಪ್ಪಿಸುತ್ತದೆ. ನಮ್ಮ ತಂದೆಯವರು ನನಗೆ ಬಿಟ್ಟುಹೋದ ಲ್ಯಾಂಬ್ರೆಟ್ಟಾ ಸ್ಕೂಟರಿನ ಮುಂಚಕ್ರದಲ್ಲಿ ಇದ್ದುದು ಇಂತಹ ಸುರುಳಿಗಳೆರಡೇ. ಅವುಗಳ ಚಾಂಚಲ್ಯವನ್ನು ತಡೆಯುವ ಡ್ಯಾಂಪರ್ ಅದಕ್ಕೆ ಹುಟ್ಟಿನಿಂದಲೇ ಇರಲಿಲ್ಲ.

ಡ್ಯಾಂಪರನ್ನು ನಮ್ಮ ಗ್ಯಾರೇಜುಗಳಲ್ಲಿ ಶಾಕಪ್ಸರ್ ಎಂದು ಕರೆಯುವುದು ರೂಢಿ. ಹೆಸರನ್ನು ಕೇಳಿದವರು ಆಘಾತವನ್ನು ನುಂಗುವ ವಸ್ತುವೇ ಅದೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಆಘಾತವನ್ನು ಮೊದಲು ನುಂಗುವುದು ಸ್ಪ್ರಿಂಗು, ನುಂಗಿದುದನ್ನು ಮತ್ತೆ ಕಕ್ಕದಂತೆ ತಡೆಯುವುದು ಡ್ಯಾಂಪರು. ಅದರ ಒಳಗೆ ಇರುವುದಾದರೂ ಏನು? ಎಣ್ಣೆ ತುಂಬಿದ ಒಂದು ಕೊಳವೆ, ಅದರೊಳಗೆ ಸರಿದಾಡುವ, ಸಣ್ಣ ರಂಧ್ರಗಳುಳ್ಳ ಒಂದು ಪಿಸ್ಟನ್. ಓಕುಳಿಯ ದಿನ ಜೀರ್ಕೊಳವಿಯನ್ನು ಹಿಡಿದ ಮಗುವಿಗೆ ಈ ತತ್ತ್ವವು ಕೈಗೇ ತಿಳಿದಿರುತ್ತದೆ: ಮೆಲ್ಲನೆ ಒತ್ತಿದರೆ ನೀರು ಸಲೀಸಾಗಿ ಹೊರಡುತ್ತದೆ, ರಭಸದಿಂದ ಒತ್ತಿದರೆ ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ. ವೇಗವು ಹೆಚ್ಚಿದಂತೆ ಪ್ರತಿರೋಧವೂ ಹೆಚ್ಚುವ ಈ ಸ್ವಭಾವದಿಂದಲೇ ಡ್ಯಾಂಪರು ಸ್ಪ್ರಿಂಗಿನ ಚಲನೆಯನ್ನು ನಿಗ್ರಹಿಸಿ, ಅದರ ಶಕ್ತಿಯನ್ನು ಎಣ್ಣೆಯೊಳಗಿನ ಉಷ್ಣವಾಗಿ ಪರಿವರ್ತಿಸುತ್ತದೆ. ಹಾಳು ರಸ್ತೆಯಲ್ಲಿ ಬಹುದೂರ ಓಡಿದ ವಾಹನದ ಡ್ಯಾಂಪರನ್ನು ಮುಟ್ಟಿ ನೋಡಿದರೆ ಬೆಚ್ಚಗಿರುವುದು ಈ ಕಾರಣದಿಂದ.

ಲ್ಯಾಂಬ್ರೆಟ್ಟಾದ ಜನ್ಮಸ್ಥಾನ ಇಟಲಿಯ ಮಿಲಾನ್ ನಗರದ ಲಾಂಬ್ರಾಟೆ ಎಂಬ ಬಡಾವಣೆ. ಉಕ್ಕಿನ ಕೊಳವೆಗಳ ಉದ್ಯಮದಿಂದ ಹೆಸರು ಗಳಿಸಿದ್ದ ಫರ್ಡಿನಾಂಡೋ ಇನ್ನೊಚೆಂಟಿಯು ಯುದ್ಧಾನಂತರ, 1947ರಲ್ಲಿ, ಈ ಸ್ಕೂಟರನ್ನು ಮಾರುಕಟ್ಟೆಗೆ ತಂದನು. ಆದುದರಿಂದಲೇ ವೆಸ್ಪಾದ ದೇಹವು ಒತ್ತಿ ಮಾಡಿದ ತಗಡಿನ ಚಿಪ್ಪಾದರೆ ಲ್ಯಾಂಬ್ರೆಟ್ಟಾದ ಬೆನ್ನೆಲುಬು ಕೊಳವೆಯದು. 1958ರಲ್ಲಿ ಎಲ್‌ಐ ಎಂಬ ಶ್ರೇಣಿಯೂ ಮರುವರ್ಷ ಅದರ ಎರಡನೆಯ ಆವೃತ್ತಿಯೂ ಹೊರಬಂದುವು. ದೀಪವು ಹ್ಯಾಂಡಲಿನೊಡನೆ ತಿರುಗುವಂತೆ ಮೇಲಕ್ಕೇರಿದುದು ಈ ಎರಡನೆಯದರಲ್ಲಿ. ಬೊಂಬಾಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು ಬಹುಕಾಲ ತಯಾರಿಸಿ, ನಮ್ಮ ದೇಶದ ಗುಮಾಸ್ತರನ್ನೂ ಅಧ್ಯಾಪಕರನ್ನೂ ವೈದ್ಯರನ್ನೂ ಹೊತ್ತು ತಿರುಗಿದ ಲ್ಯಾಂಬ್ರೆಟ್ಟಾ ಇದೇ. ಇನ್ನೊಚೆಂಟಿಯ ಯಂತ್ರೋಪಕರಣಗಳೇ ಅನಂತರ ಭಾರತಕ್ಕೆ ಬಂದು, 1972ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ಸ್ಕೂಟರ್ಸ್ ಇಂಡಿಯಾದಲ್ಲಿ ನೆಲೆಗೊಂಡ ಕಥೆ ಬೇರೆ ಬರೆಯತಕ್ಕದ್ದು.

ಅದೇ ಇನ್ನೊಚೆಂಟಿ ಸಂಸ್ಥೆಯು ಟಿವಿ 175 ಎಂಬ ದುಬಾರಿ ಸ್ಕೂಟರಿಗೆ, ಮುಂಚಕ್ರವನ್ನು ಹಿಡಿದ ಫೋರ್ಕಿನ ಹೊರಮೈಯಲ್ಲಿ, ಎಡಕ್ಕೊಂದು ಬಲಕ್ಕೊಂದು ಡ್ಯಾಂಪರನ್ನು ಕೊಟ್ಟಿತು. 1962ರಲ್ಲಿ ಮುಂಚಕ್ರಕ್ಕೆ ಡಿಸ್ಕ್ ಬ್ರೇಕನ್ನೂ ಇಟ್ಟು, ಮಾರಾಟಕ್ಕೆಂದು ತಯಾರಾದ ದ್ವಿಚಕ್ರ ವಾಹನಗಳ ಲೋಕದಲ್ಲಿ ಮೊದಲಿನದೆನಿಸಿಕೊಂಡಿತು. ಸಾಮಾನ್ಯ ಗೃಹಸ್ಥನ ಎಲ್‌ಐ 150ಕ್ಕೆ ಇವೆರಡೂ ದೊರೆಯಲಿಲ್ಲ. ಡ್ಯಾಂಪರು ಏನೆಂಬುದು ತಯಾರಕರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ನಿಧಾನವಾಗಿ ಸಾಗುವ ಸವಾರನಿಗೆ ಅದಿಲ್ಲದೆ ನಡೆದೀತೆಂಬ ಅಂದಾಜಿನಿಂದ ಬಿಟ್ಟರೆಂದು ನಾನು ಭಾವಿಸುತ್ತೇನೆ. ಆ ಅಂದಾಜು ನಮ್ಮ ರಸ್ತೆಗಳ ಮಟ್ಟಿಗೆ ಸರಿಯಲ್ಲ. ಹತ್ತಂಗುಲದ ರಿಮ್ಮಿನ ಮೇಲೆ ಮೂರೂವರೆ ಅಂಗುಲದ ಟೈರನ್ನು ತೊಟ್ಟ ಆ ಪುಟ್ಟ ಚಕ್ರವು, ಬೈಸಿಕಲ್ಲಿನ ದೊಡ್ಡ ಚಕ್ರ ಸವರಿಕೊಂಡು ದಾಟಿಹೋಗುವ ಗುಂಡಿಯೊಳಕ್ಕೆ ಪೂರ್ತಿಯಾಗಿ ಇಳಿದು, ಅದರ ಎದುರಿನ ದಡಕ್ಕೆ ಹಣೆ ಚಚ್ಚಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕವನ್ನು ಹೇಳದೆ ಗತ್ಯಂತರವಿಲ್ಲ. ತನ್ನ ಮೇಲಿನ ಒಟ್ಟು ಭಾರಕ್ಕೆ ಮುಂದಿನ ಸ್ಪ್ರಿಂಗು ನಾಲ್ಕು ಸೆಂಟಿಮೀಟರು ಕುಗ್ಗುವುದೆಂದು ಇಟ್ಟುಕೊಳ್ಳೋಣ. ಅಂತಹ ಸ್ಪ್ರಿಂಗು ತಾನಾಗಿ ಕುಣಿಯತೊಡಗಿದರೆ ಸೆಕೆಂಡಿಗೆ ಸುಮಾರು ಎರಡೂವರೆ ಸಲ ಕುಣಿಯುವುದೆಂದು ಭೌತಶಾಸ್ತ್ರವು ಹೇಳುತ್ತದೆ. ಈಗ, ನಾಲ್ಕು ಮೀಟರಿಗೊಂದರಂತೆ ತೇಪೆ ಹಾಕಿದ ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಿಂದ ಹೊರಡಿರಿ. ಸೆಕೆಂಡಿಗೆ ಹತ್ತು ಮೀಟರು ಸಾಗಿದಿರಿ, ಅಷ್ಟರಲ್ಲಿ ಎರಡೂವರೆ ತೇಪೆಗಳನ್ನು ಹಾದಿರಿ. ನಾಗರಪಂಚಮಿಯ ಜೋಕಾಲಿಯನ್ನು ಅದು ಹಿಂದೆ ಬಂದ ಕ್ಷಣಕ್ಕೆ ಸರಿಯಾಗಿ ತಳ್ಳುವವರು ಸಿಕ್ಕಿದರೆ ಅದು ಹೇಗೆ ಮರದ ಕೊಂಬೆಯೆತ್ತರಕ್ಕೆ ಏರುವುದೋ, ಹಾಗೆಯೇ ಒಂದೊಂದು ತೇಪೆಯೂ ಮುಂಚಕ್ರದ ಕುಣಿತಕ್ಕೆ ತಾಳ ಹಾಕುತ್ತ ಹೋಗುತ್ತದೆ. ನೆಲವನ್ನು ಬಿಟ್ಟ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ, ಹ್ಯಾಂಡಲಿನ ಮಾತನ್ನು ಕೇಳುವ ವಿಧೇಯತೆಯೂ ಇಲ್ಲ. ಡ್ಯಾಂಪರಿನ ಮುಖ್ಯ ಪ್ರಯೋಜನವು ಮೈಗೆ ಸುಖವನ್ನು ಕೊಡುವುದಲ್ಲ, ಚಕ್ರವನ್ನು ನೆಲಕ್ಕೆ ಅಂಟಿಸಿ ಇಡುವುದು. ಇದನ್ನು ಅರಿಯದೆ ಮೆತ್ತಗಾಗಲೆಂದು ಡ್ಯಾಂಪರ್ ಹಾಕಿಸಿಕೊಂಡವರು, ಮುಂಭಾಗವು ಮೊದಲಿಗಿಂತ ಗಟ್ಟಿಯಾಯಿತಲ್ಲಾ ಎಂದು ಕೊರಗುವುದನ್ನು ನಾನು ಕಂಡಿದ್ದೇನೆ.

ನಮ್ಮ ಸ್ಕೂಟರಿಗೆ ಡ್ಯಾಂಪರ್ ತೊಡಿಸುವ ನನ್ನ ಸಂಕಲ್ಪವನ್ನು ಕೇಳಿದ ಗ್ಯಾರೇಜಿನ ಮೇಸ್ತ್ರಿಗಳು ತಲೆಯಾಡಿಸಿ, "ಮೊದಲು ಬಿಚ್ಚಿ ನೋಡೋಣ ಸ್ವಾಮಿ, ಒಳಗೆ ಏನಿದೆಯೋ ಯಾರಿಗೆ ಗೊತ್ತು" ಎಂದರು. ಲ್ಯಾಂಬ್ರೆಟ್ಟಾದ ಫೋರ್ಕಿನಲ್ಲಿ ಸ್ಪ್ರಿಂಗುಗಳು ಎರಡು ಕಾಲುಗಳ ಒಳಗೆ ಅಡಗಿವೆ. ಕಾಲಿನ ತುದಿಯಿಂದ ಹಿಂದಕ್ಕೆ ಚಾಚಿದ ಗಿಡ್ಡ ತೋಳಿಗೆ, ಲಿಂಕ್ ಎಂಬ ಹೆಸರಿನದಕ್ಕೆ, ಚಕ್ರದ ಅಚ್ಚು ಸೇರುತ್ತದೆ. ಚಕ್ರವು ಮೇಲೇರಿದಾಗ ಲಿಂಕು ತನ್ನ ಬೋಲ್ಟಿನ ಸುತ್ತ ತಿರುಗಿ ಸ್ಪ್ರಿಂಗನ್ನು ಒತ್ತುತ್ತದೆ. ಸ್ಪ್ರಿಂಗಿನ ಬಿಗುವನ್ನು ತಕ್ಕ ಸಲಕರಣೆಯಿಂದ ಹಿಡಿದ ಹೊರತು ಈ ಲಿಂಕನ್ನು ಕಳಚಲಾಗದು. ಅವಸರಪಟ್ಟವರ ಬೆರಳಿಗೆ ಅದು ಅಪಾಯ. ಮೇಸ್ತ್ರಿಗಳು ಎಡಗಾಲಿನ ಬೋಲ್ಟನ್ನು ಹೊರಗೆಳೆದು, ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ದುಂಡಗಿರಬೇಕಾದ ಅದರ ಮೈಯಲ್ಲಿ ಉಗುರಿಗೆ ಸಿಕ್ಕುವಷ್ಟು ಆಳದ ಮೆಟ್ಟಿಲು ಸವೆದಿತ್ತು. ಅದು ಕುಳಿತಿದ್ದ ಬುಷ್ಷಿನ ರಂಧ್ರವು ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ದಶಕಗಳ ಗ್ರೀಸು ಅರಗಿನಂತೆ ಗಟ್ಟಿಯಾಗಿ, ಕಡ್ಡಿಯಿಂದ ಕೆದಕಿದರೆ ಚೂರುಚೂರಾಗಿ ಉದುರಿತು. ಇಂತಹ ಸಡಿಲ ಕೀಲಿನ ಮೇಲೆ ಎಷ್ಟು ಬೆಲೆಬಾಳುವ ಡ್ಯಾಂಪರನ್ನು ಕೂಡಿಸಿದರೂ ಅದು ನಿಗ್ರಹಿಸುವುದು ಸ್ಪ್ರಿಂಗನ್ನು. ಕೀಲಿನ ಅಲುಗಾಟವು ಹಾಗೆಯೇ ಉಳಿದು ಹ್ಯಾಂಡಲಿಗೆ ನಡುಕವಾಗಿ ಏರುತ್ತದೆ. ಆದುದರಿಂದ ಬುಷ್ಷು, ಬೋಲ್ಟು, ಲಿಂಕು ಕಡೆಯಂಚಿಗೆ ಬಂದಾಗ ಬಡಿಯದಂತೆ ತಡೆಯುವ ರಬ್ಬರು, ಹ್ಯಾಂಡಲಿನ ಕೊರಳಿನ ಬೇರಿಂಗು, ಇವೆಲ್ಲ ಹೊಸದಾದ ಮೇಲೆಯೇ ಡ್ಯಾಂಪರಿನ ಮಾತು.

ಮುಂದಿನ ತೊಡಕು, ಡ್ಯಾಂಪರನ್ನು ಎಲ್ಲಿ ತೂಗುಹಾಕುವುದೆಂಬುದು. ನಮ್ಮ ಎಲ್‌ಐ 150ರ ಫೋರ್ಕಿನಲ್ಲಿ ಅದರ ಮೇಲ್ತುದಿಯನ್ನು ಹಿಡಿಯುವ ಕಿವಿಗಳಿಲ್ಲ. ಕಿವಿಗಳನ್ನು ಬೆಸುಗೆ ಹಾಕಿಸುವುದು ಒಂದು ಮಾರ್ಗ. ಕೊಳವೆಗೆ ಪಟ್ಟಿ ಬಿಗಿದು ಆಧಾರ ಕಲ್ಪಿಸುವುದು ಮತ್ತೊಂದು. ಟಿವಿ ಮಾದರಿಯ ಫೋರ್ಕನ್ನೂ ಅದಕ್ಕೆ ಹೊಂದುವ ಲಿಂಕುಗಳನ್ನೂ ಸಂಪಾದಿಸಿ ಇಡಿಯಾಗಿ ಬದಲಾಯಿಸುವುದು ಮೂರನೆಯದು. ಬೆಸುಗೆಯು ಅಗ್ಗ, ಆದರೆ ಸವಾರನ ಪ್ರಾಣವನ್ನು ಹೊತ್ತ ಕೊಳವೆಯನ್ನು ಕೆಂಪಗೆ ಕಾಯಿಸಿದಾಗ ಅದು ಕೂದಲೆಳೆಯಷ್ಟು ಸೊಟ್ಟಗಾದರೂ ಚಕ್ರವು ಒಂದು ಕಡೆಗೆ ವಾಲುತ್ತದೆ. ಬಿಗಿದ ಪಟ್ಟಿಯು ಕ್ರಮೇಣ ಜಾರುತ್ತದೆ. ನಾನು ಮೂರನೆಯ ದಾರಿಯನ್ನು ಹಿಡಿದೆನು. ಅದಕ್ಕೆ ಹಣವೂ ಕಾಲವೂ ಹೆಚ್ಚು ಹಿಡಿದುವು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಹಲವು ಸಲ ಹತ್ತಿಳಿಯಬೇಕಾಯಿತು; ಆದರೆ ತಂದೆಯವರ ಕಾಲದ ಫೋರ್ಕು ಗಾಯವಿಲ್ಲದೆ, ಎಣ್ಣೆ ಸವರಿದ ಗೋಣಿಯಲ್ಲಿ ಸುತ್ತಿಕೊಂಡು, ಅಟ್ಟದ ಮೇಲೆ ಭದ್ರವಾಗಿದೆ. ನಾಳೆ ಯಾರಿಗಾದರೂ ಸ್ಕೂಟರನ್ನು ಅದರ ಮೂಲರೂಪದಲ್ಲಿ ಕಾಣಬೇಕೆನಿಸಿದರೆ ಒಂದು ದಿನದ ಕೆಲಸ ಸಾಕು.

ಒಂದು ಅಂಗಡಿಯವರು "ಇದೇ ಸ್ವಾಮಿ, ಲ್ಯಾಂಬ್ರೆಟ್ಟಾದ್ದೇ" ಎಂದು ಭರವಸೆಯಿತ್ತು ಕೊಟ್ಟ ಮೊದಲ ಜೊತೆ ಡ್ಯಾಂಪರುಗಳನ್ನು ತೊಡಿಸಿ ಹೊರಟೆನು. ಬೀದಿಯ ತುದಿಯ ಹಂಪನ್ನು ದಾಟುವಷ್ಟರಲ್ಲಿ ಟಣ್ ಎಂಬ ಲೋಹದ ಶಬ್ದವು ಅಂಗೈಗೆ ತಾಗಿತು. ಪೂರ್ಣವಾಗಿ ಮಡಿಚಿದಾಗ ಆ ಡ್ಯಾಂಪರು ಇರಬೇಕಾದುದಕ್ಕಿಂತ ಎಂಟು ಮಿಲಿಮೀಟರು ಉದ್ದವಾಗಿತ್ತು; ಲಿಂಕು ರಬ್ಬರನ್ನು ಮುಟ್ಟುವ ಮೊದಲೇ ಡ್ಯಾಂಪರಿನ ಒಳಗಿನ ದಾರಿ ಮುಗಿದು, ಕಬ್ಬಿಣವು ಕಬ್ಬಿಣವನ್ನು ಹೊಡೆಯುತ್ತಿತ್ತು. ಹಾಗೆಯೇ ಓಡಿಸಿದ್ದರೆ ಕಿವಿಯೇ ಮುರಿದುಬೀಳುತ್ತಿತ್ತು. ಈ ಅನುಭವದಿಂದ ಕಲಿತ ವಿಧಾನವನ್ನು ಓದುಗರಿಗೆ ಒತ್ತಿ ಹೇಳುತ್ತೇನೆ: ಸ್ಪ್ರಿಂಗುಗಳನ್ನು ಹಾಕುವ ಮೊದಲೇ ಲಿಂಕನ್ನು ಕೈಯಿಂದ ಕೆಳಗಿನ ಅಂಚಿನಿಂದ ಮೇಲಿನ ಅಂಚಿನವರೆಗೆ ತಿರುಗಿಸಿ, ಕಿವಿಯ ರಂಧ್ರದಿಂದ ಲಿಂಕಿನ ಗೂಟದವರೆಗಿನ ಅಂತರವನ್ನು ಎರಡು ಸ್ಥಿತಿಗಳಲ್ಲಿಯೂ ಅಳೆದುಕೊಳ್ಳಬೇಕು. ಡ್ಯಾಂಪರಿನ ಮಡಿಚಿದ ಉದ್ದವು ಚಿಕ್ಕ ಅಂತರಕ್ಕಿಂತ ಕಡಿಮೆಯೂ ಚಾಚಿದ ಉದ್ದವು ದೊಡ್ಡ ಅಂತರಕ್ಕಿಂತ ಹೆಚ್ಚೂ ಆಗಿರತಕ್ಕದ್ದು. ಪೊಟ್ಟಣದ ಮೇಲೆ ಏನೇ ಬರೆದಿರಲಿ, ಅಳತೆಪಟ್ಟಿಯ ಮಾತೇ ಮಾತು.

ಎರಡನೆಯ ಜೊತೆಯು ಅಳತೆಗೆ ಒಪ್ಪಿತು. ಮೇಲಾಗಿ ಬಿಗಿಯನ್ನು ಹೆಚ್ಚುಕಡಿಮೆ ಮಾಡುವ ತಿರುಗಣೆಯೂ ಅದಕ್ಕಿತ್ತು. ಕೊಳವೆಯೊಳಗೆ ಕೊಳವೆಯಿರುವ ಇಂತಹ ಸಾಮಾನ್ಯ ಡ್ಯಾಂಪರುಗಳಲ್ಲಿ ಎಣ್ಣೆಯ ಮೇಲೆ ಸ್ವಲ್ಪ ಗಾಳಿಯೂ ಇರುತ್ತದೆ. ಅಂಗಡಿಯಲ್ಲಿ ಅಡ್ಡವಾಗಿ ಮಲಗಿದ್ದಾಗ ಆ ಗಾಳಿಯು ಪಿಸ್ಟನ್ನಿನ ಬಳಿಗೆ ನುಸುಳಿರುತ್ತದೆ. ಮೇಸ್ತ್ರಿಗಳು ಒಂದೊಂದನ್ನೂ ದಪ್ಪ ಮೈ ಕೆಳಗಾಗುವಂತೆ ನೆಟ್ಟಗೆ ಹಿಡಿದು, ಒನಕೆಯಿಂದ ಕುಟ್ಟುವವರಂತೆ ಐದಾರು ಸಲ ಒತ್ತಿ ಎಳೆದರು. ಮೊದಲ ಎರಡು ಸಲ ಕೈ ಪೊಳ್ಳಾಗಿ ಇಳಿಯಿತು. ಬಳಿಕ ಉದ್ದಕ್ಕೂ ಒಂದೇ ಸಮನಾದ ತಡೆ. ಅದೇ ನಿಲುವಿನಲ್ಲಿಯೇ ಅದನ್ನು ಫೋರ್ಕಿಗೆ ಏರಿಸಿದರು.

ಬಿಗಿಯ ವಿಷಯದಲ್ಲಿ ಅತ್ಯಾಸೆಯು ಕೇಡು. ಡ್ಯಾಂಪರು ಸಾಮಾನ್ಯವಾಗಿ ಒತ್ತುವಾಗಿನದಕ್ಕಿಂತ ಮರಳುವಾಗ ಹೆಚ್ಚು ತಡೆಯುತ್ತದೆ. ಈ ತಡೆಯು ಅತಿಯಾದರೆ, ಒಂದು ಉಬ್ಬಿಗೆ ಮೇಲೇರಿದ ಚಕ್ರವು ಪೂರ್ತಿ ಇಳಿದು ಬರುವ ಮೊದಲೇ ಮುಂದಿನ ಉಬ್ಬು ಎದುರಾಗಿ, ಫೋರ್ಕು ಹಂತಹಂತವಾಗಿ ಕುಸಿಯುತ್ತ ಕೊನೆಗೆ ಸ್ಪ್ರಿಂಗೇ ಇಲ್ಲದ ವಾಹನದಂತಾಗುತ್ತದೆ. ಹ್ಯಾಂಡಲನ್ನು ಬಲವಾಗಿ ಅದುಮಿ ಬಿಟ್ಟಾಗ ಮುಂಭಾಗವು ಒಮ್ಮೆ ಎದ್ದು, ತುಸುವೇ ಇಳಿದು ನಿಂತರೆ ಅದು ಹದ. ಇನ್ನೊಂದು ಮಾತು: ಈ ಫೋರ್ಕಿನಲ್ಲಿ ಬ್ರೇಕಿನ ಒತ್ತಡವು ಲಿಂಕನ್ನು ಚಕ್ರ ತಿರುಗುವ ದಿಕ್ಕಿಗೆ ಎಳೆಯುವುದರಿಂದ, ಮುಂದಿನ ಬ್ರೇಕನ್ನು ಹಿಡಿದೊಡನೆ ಮೂತಿಯು ಕೆಳಕ್ಕೆ ಬಾಗುತ್ತದೆ. ಡ್ಯಾಂಪರು ಈ ಬಾಗುವಿಕೆಯನ್ನು ನಿಧಾನಿಸಬಲ್ಲುದು, ತಪ್ಪಿಸಲಾರದು. ಅದು ಲಿಂಕಿನ ರಚನೆಯಲ್ಲಿಯೇ ಇರುವ ಗುಣ.

ಕೆಲಸ ಮುಗಿದ ಸಂಜೆ ಅದೇ ಬೀದಿಯಲ್ಲಿ ಅದೇ ಹಂಪಿನ ಕಡೆಗೆ ಸ್ಕೂಟರನ್ನು ಬಿಟ್ಟೆನು. ಹಿಂದೆಲ್ಲ ಅದನ್ನು ದಾಟಿದ ಮೇಲೆ ಹಾಲಿನ ಬೂತಿನವರೆಗೂ ತೂಗಾಡುತ್ತಿದ್ದ ದೀಪದ ಬೆಳಕು ಅಂದು ಒಮ್ಮೆ ಮೇಲಕ್ಕೆ ಹಾರಿ, ರಸ್ತೆಗೆ ಇಳಿದು, ಅಲ್ಲಿಯೇ ನಿಂತಿತು. ಹಿಂತಿರುಗಿ ಬಂದು ಎಂಜಿನನ್ನು ನಿಲ್ಲಿಸಿದಾಗ ಮೇಸ್ತ್ರಿಗಳು ಏನನ್ನೂ ಕೇಳಲಿಲ್ಲ. ಬಗ್ಗಿ ಕುಳಿತು ಎರಡು ಡ್ಯಾಂಪರುಗಳ ದಂಡಗಳನ್ನೂ ಬೆರಳಿನಿಂದ ಸವರಿ, ಬೆರಳಿಗೆ ಎಣ್ಣೆಯ ಪಸೆ ಅಂಟಿಲ್ಲವೆಂಬುದನ್ನು ದೀಪಕ್ಕೆ ಹಿಡಿದು ನೋಡಿ, "ಐನೂರು ಕಿಲೋಮೀಟರ್ ಓಡಲಿ ಸ್ವಾಮಿ, ಆಮೇಲೆ ನಟ್ಟುಗಳನ್ನು ಇನ್ನೊಂದು ಸಲ ಬಿಗಿಯೋಣ" ಎಂದರು.