ಎಫ್‌ಐಡಿ ಇದೆ, ಅದರೊಳಗೆ ಹೊಲ ಇದೆಯೇ?

“ನಂದು ಎಫ್‌ಐಡಿ ಆಗ್ಯಾದ್ರಿ, ಮತ್ತ್ಯಾಕ ರೊಕ್ಕ ಬಂದಿಲ್ಲ?” ಬರ ಪರಿಹಾರವಿರಲಿ, ತೊಗರಿ ಖರೀದಿ ಇರಲಿ, ಮಹಾಗಾಂವ ಹೋಬಳಿಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಎಷ್ಟೋ ಸಲ ನಂಬರ್ ಇರುತ್ತದೆ, ಅದಕ್ಕೆ ಹೊಲ ಸೇರಿರುವುದಿಲ್ಲ.

ಫ್ರೂಟ್ಸ್ ಎಂಬುದು ರಾಜ್ಯ ಸರ್ಕಾರದ ರೈತ ನೋಂದಣಿ ತಂತ್ರಾಂಶ, ಅದರಲ್ಲಿ ರೈತರಿಗೆ ಸಿಗುವ ಗುರುತಿನ ನಂಬರೇ ಎಫ್‌ಐಡಿ. ಕೃಷಿ, ತೋಟಗಾರಿಕೆ, ರೇಷ್ಮೆ, ಕಂದಾಯ ಇಲಾಖೆಗಳೆಲ್ಲ ನೋಡುವುದು ಇದನ್ನೇ. ಕಮಲಾಪುರದ ಕೆಂಪು ಬಾಳೆಗೆಂದು ಮಾಡಿಸಿದ ಎಫ್‌ಐಡಿ ತೊಗರಿ ಮಾರುವಾಗಲೂ ನಡೆಯುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಮೊಬೈಲ್ ನಂಬರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರಾಯಿತು. ಜಾಲತಾಣದಲ್ಲಿ ತಾವೇ ತುಂಬಿದರೂ ಇಲಾಖೆಯವರು ಒಪ್ಪಬೇಕು.

ನಿಜವಾದ ಕೆಲಸ ಸರ್ವೆ ನಂಬರಿನದು. ಮಹಾಗಾಂವದಲ್ಲಿ ಮೂರು ಎಕರೆ, ಆಳಂದ ಕಡೆ ಎರಡು ಎಕರೆ ಇದ್ದರೆ ಎರಡೂ ಒಂದೇ ಎಫ್‌ಐಡಿಯಲ್ಲಿ ಸೇರಬೇಕು. ಆಳಂದದ್ದು ಬಿಟ್ಟುಹೋದರೆ ಸರ್ಕಾರದ ಲೆಕ್ಕದಲ್ಲಿ ನೀವು ಮೂರೇ ಎಕರೆಯ ರೈತ. 2024-25ರಲ್ಲಿ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು, ರಾಜ್ಯ 450 ಸೇರಿಸಿತು. ಆದರೆ ಖರೀದಿಗೆ ಎಕರೆಗೆ ಇಂತಿಷ್ಟೇ ಎಂಬ ಮಿತಿ ಇರುವುದರಿಂದ, ಬಿಟ್ಟುಹೋದ ಹೊಲದ ತೊಗರಿಗೆ ದಲ್ಲಾಳಿಯೇ ಗತಿ. ರೈತನ ವರ್ಗವೂ ಇದೇ ಲೆಕ್ಕದಿಂದ: ಒಂದು ಹೆಕ್ಟೇರ್, ಅಂದರೆ ಸುಮಾರು 2 ಎಕರೆ 19 ಗುಂಟೆಯವರೆಗೆ ಅತಿಸಣ್ಣ ರೈತ, ಎರಡು ಹೆಕ್ಟೇರಿನವರೆಗೆ ಸಣ್ಣ ರೈತ. ಸಣ್ಣವರಾಗಿಯೇ ಉಳಿಯಲು ಬೇಕೆಂದೇ ಹೊಲ ಬಿಟ್ಟು ಬರೆಸುವ ಜಾಣರೂ ಇದ್ದಾರೆ. ಬೆಳೆ ಹೋದ ವರ್ಷ ಆ ಹೊಲಕ್ಕೆ ಪರಿಹಾರ ಕೇಳಲು ಅವರಿಗೆ ಬಾಯಿ ಇರುವುದಿಲ್ಲ.

ಹೆಸರಿನ ತೊಡಕು ಬೇರೆ. ಪಹಣಿಯಲ್ಲಿ “ಶರಣಪ್ಪ ತಂದೆ ಮಲ್ಲಪ್ಪ”, ಆಧಾರಿನಲ್ಲಿ ಮನೆತನದ ಹೆಸರು ಸೇರಿ ಶರಣಪ್ಪ ಪಾಟೀಲ. ಇಬ್ಬರೂ ಒಬ್ಬರೇ ಎಂದು ಕಚೇರಿಯವರಿಗೆ ಮನವರಿಕೆಯಾಗಬೇಕು. ಬ್ಯಾಂಕ್ ಖಾತೆ ಬದಲಿಸಿದವರು ಎಫ್‌ಐಡಿಯಲ್ಲಿ ತಿದ್ದಿಸಿ ಸುಮ್ಮನಾಗಬಾರದು. ಪರಿಹಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುವುದರಿಂದ ಆ ಜೋಡಣೆಯನ್ನು ಬ್ಯಾಂಕಿನಲ್ಲೇ ಮಾಡಿಸಬೇಕು.

ತಂದೆ ತೀರಿಕೊಂಡು ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇದ್ದರೆ ಮಕ್ಕಳ ಎಫ್‌ಐಡಿಗೆ ಆ ಹೊಲ ಬರುವುದಿಲ್ಲ. ಮೊದಲು ಪೌತಿ ಖಾತೆ ಮಾಡಿಸಿ ಪಹಣಿಯನ್ನು ಮಕ್ಕಳ ಹೆಸರಿಗೆ ತರಬೇಕು. ಅಣ್ಣತಮ್ಮಂದಿರು ಹಂಚಿಕೊಂಡಿದ್ದರೆ ಮ್ಯುಟೇಶನ್ ಮುಗಿದ ಮೇಲೆ ಹೊಸ ಪಹಣಿ ತೆಗೆಸಿ, ಹೊಸ ಹಿಸ್ಸಾ ನಂಬರನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮತ್ತೆ ಸೇರಿಸಬೇಕು. ಈ ಕೆಲಸಗಳನ್ನೆಲ್ಲ ಮುಂಗಾರಿಗೆ ಮುಂಚೆ ಮಾಡಿಸಿದರೆ ಒಳ್ಳೆಯದು, ಖರೀದಿ ಶುರುವಾದ ಮೇಲೆ ಪಾಳಿ ಬಲು ಉದ್ದ.