ಪಬ್ಜಿ ಆಡೋಕೂ ಫೀಸಾ?

ಗೇಮ್ ಡಿಸೈನ್ ಕೋರ್ಸಿಗೆ ಸೇರಿದ ಸುದ್ದಿ ಹುಣಸೂರು ತಾಲ್ಲೂಕಿನ ನಮ್ಮೂರಿಗೆ ಮುಟ್ಟಿದಾಗ ಪಕ್ಕದ ಮನೆ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಪಬ್ಜಿ ಆಡೋಕೂ ಫೀಸ್ ಕಟ್ಬೇಕಾ?" ಸರ್ಕಾರ 2020ರಲ್ಲಿ ಪಬ್ಜಿಯನ್ನು ನಿಷೇಧಿಸಿತು, ಮರುವರ್ಷ ಅದು ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ವಾಪಸ್ ಬಂತು. ಊರಿನವರ ಬಾಯಲ್ಲಿ ಮಾತ್ರ ಮೊಬೈಲ್ ಆಟ ಎಂದರೆ ಇವತ್ತಿಗೂ ಪಬ್ಜಿಯೇ.

ನಾನು ಕಲಿಯಲು ಹೋಗಿರುವುದು ಆಟ ಕಟ್ಟುವುದನ್ನು. ಆಡುವವರ ಕೈಗೆ ಯಾವ ಆಯ್ಕೆ ಕೊಡಬೇಕು, ಯಾವುದನ್ನು ತಡೆಯಬೇಕು, ಅದೃಷ್ಟಕ್ಕೆಷ್ಟು ಪಾಲು, ಬುದ್ಧಿಗೆಷ್ಟು ಪಾಲು ಎಂದು ಗೊತ್ತುಮಾಡುವುದೇ ಈ ಕಸುಬಿನ ತಿರುಳು. ಚಿತ್ರ, ಸಂಗೀತ, ಕೋಡು ಎಲ್ಲ ಅದರ ಮೇಲೆ ನಿಲ್ಲುತ್ತವೆ. ಈ ಕಣ್ಣಿನಿಂದ ನೋಡಿದರೆ ನನ್ನ ಇಷ್ಟದ ಆಟಗಳಲ್ಲಿ ಹೆಚ್ಚಿನವು ಹುಣಸೂರು ಸುತ್ತಿನ ನಮ್ಮ ನಾಲ್ಕು ತಾಲ್ಲೂಕಿನ ಜಗಲಿಗಳಲ್ಲೇ ಇವೆ.

ಮೊದಲನೆಯದು ಚೌಕಾಬಾರ. ಅಮ್ಮನ ತವರು ಕೆ.ಆರ್. ನಗರದ ಕಡೆ. ಬೇಸಿಗೆ ರಜೆಗೆ ಹೋದರೆ ಅಜ್ಜಿ ಸೀಮೆಸುಣ್ಣದಲ್ಲಿ ಐದೈದು ಸಾಲು ಮನೆ ಬರೆಯುತ್ತಿದ್ದರು. ಕವಡೆ ಸಿಗದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ಒಂದು ಮಗ್ಗುಲು ಉಜ್ಜಿದರಾಯಿತು. "ಎರಡರ ದೂರಕ್ಕೆ ಕಾಯಿ ಬಿಡಬ್ಯಾಡ ಮಗಾ, ಹೊಡೀತಾರೆ" ಎನ್ನುವುದು ಅಜ್ಜಿಯ ಎಚ್ಚರಿಕೆ. ಅದರ ಲೆಕ್ಕ ನನಗೆ ತಿಳಿದದ್ದು ಈಗ. ಎರಡು ಮಗ್ಗುಲೂ ಸಮನಾಗಿ ಬೀಳುವ ನಾಲ್ಕು ಬೀಜ ಹಾಕಿದರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ 'ಎರಡು' 6 ಬಗೆ, 'ಒಂದು' ಮತ್ತು 'ಮೂರು' ತಲಾ 4 ಬಗೆ, ನಾಲ್ಕರ ಚೌಕಾ ಮತ್ತು ಎಂಟರ ಬಾರಾ ತಲಾ ಒಂದೊಂದೇ ಬಗೆ. ಅಪರೂಪದ ಗರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆ ಬೇರೆ. ಪುಕ್ಕಲರೂ ಜಗಳಕ್ಕೆ ಇಳಿಯಲೇಬೇಕು.

ಕವಡೆಯಾಟ ಪಚ್ಚೀಸಿಯನ್ನು ಸರಳ ಮಾಡಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೊ ನನಗೆ ಅಷ್ಟಾಗಿ ರುಚಿಸದಿರಲು ಕಾರಣವೂ ಗರಗಳ ಈ ಲೆಕ್ಕವೇ. ಒಂಟಿ ದಾಳದ ಆರು ಮುಖಗಳೂ ಸಮ. ಹಾಗಾಗಿ ಅಜ್ಜಿಯಂಥ ಅನುಭವಿಗೆ ಅಲ್ಲಿ ಅಂದಾಜು ಕಟ್ಟಲು ಜಾಗ ಕಮ್ಮಿ.

ಎರಡನೆಯದು ಹುಲಿಕಟ್ಟು. ಇದನ್ನು ಕಲಿಸಿದವರು ಎಚ್.ಡಿ. ಕೋಟೆಯ ಕಾಡಂಚಿನಲ್ಲಿರುವ ಸೋದರಮಾವ. ಸಂಜೆ ದನ ಕೊಟ್ಟಿಗೆಗೆ ಬರುವುದು ತಡವಾದರೆ ಮನೆಮಂದಿಯೆಲ್ಲ ಕಾಡಿನ ದಿಕ್ಕಿಗೆ ನೋಡುವ ಊರು ಅದು. ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಕುರಿ. ಹುಲಿ ಹಾರಿ ಕುರಿ ತಿನ್ನುತ್ತದೆ. ಕುರಿಗೆ ಹಾರಲು ಬರುವುದಿಲ್ಲ, ಹುಲಿಗೆ ದಾರಿ ಕಟ್ಟಲಷ್ಟೇ ಬರುತ್ತದೆ. ಎರಡೂ ಕಡೆಗೆ ಬೇರೆಬೇರೆ ಬಲ ಕೊಟ್ಟು ತಕ್ಕಡಿ ಸಮ ಮಾಡುವುದು ನಮ್ಮ ಪಾಠದಲ್ಲಿ ಕಷ್ಟದ ಅಧ್ಯಾಯ. ಮಾವನಿಗೆ ಯಾವಾಗಲೂ ಕುರಿಯ ಕಡೆಯೇ ಬೇಕು. "ಹುಲಿ ಆಡೋಕೆ ಹಸಿವಿದ್ರೆ ಸಾಕು, ಕುರಿ ಆಡೋಕೆ ತಾಳ್ಮೆ ಬೇಕು" ಎನ್ನುತ್ತಾರೆ.

ಆಟ ಕಟ್ಟುವ ಈ ಕಸುಬು ಮೈಸೂರು ಸೀಮೆಗೆ ಹೊಸದೇನಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳಲ್ಲಿ, ಗಂಜೀಫಾ ಇಸ್ಪೀಟೆಲೆಗಳಲ್ಲಿ, ಹೊಸ ಮಣೆಯಾಟಗಳಲ್ಲಿ ಮುಳುಗಿದರು. ನಮ್ಮಲ್ಲಿ ಹೆಸರು ಉಳಿದ ಗೇಮ್ ಡಿಸೈನರ್ ಒಬ್ಬರಿದ್ದರೆ ಅದು ಅವರೇ. ಇನ್ನು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿಯನ್ನರದು 'ಷೋ' ಎಂಬ ಆಟ. ಮರದ ಬಟ್ಟಲಲ್ಲಿ ಎರಡು ದಾಳ ಕುಲುಕಿ, ಕೂಗು ಹಾಕಿ, ಚರ್ಮದ ಮೆತ್ತೆಯ ಮೇಲೆ ಬಟ್ಟಲನ್ನೇ ಬಡಿಯುತ್ತಾರೆ. ಆ ಸದ್ದು, ಆ ಕೂಗು ಇಲ್ಲದ ಷೋ ಸಪ್ಪೆ. ಮೊಬೈಲಿನಲ್ಲಿ ಗುಂಡಿ ಒತ್ತಿದಾಗ ಸದ್ದು, ಅದುರು ಏಕೆ ಇಡುತ್ತಾರೆಂಬುದು ಇದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಪರದೆಯ ಆಟಗಳಲ್ಲಿ ನನ್ನ ಮೆಚ್ಚಿನದು 2016ರ 'ಸ್ಟಾರ್‌ಡ್ಯೂ ವ್ಯಾಲಿ'. ಅಮೆರಿಕದ ಎರಿಕ್ ಬರೋನ್ ಎಂಬಾತ ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ವರ್ಷಗಟ್ಟಲೆ ಕೂತು ಮಾಡಿದ ಬೇಸಾಯದ ಆಟ. ಬಿತ್ತು, ನೀರು ಹಾಕು, ಕೊಯ್ದು ಮಾರು. ಮಾರುವ ಬೆಲೆ ಮಾತ್ರ ಮೊದಲೇ ನಿಗದಿ. ಹರಾಜಿನ ದಿನದವರೆಗೂ ಬೆಲೆ ಗೊತ್ತಾಗದ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಇದು ಸ್ವರ್ಗದ ಕೃಷಿಯಂತೆ ಕಾಣುತ್ತದೆ.

ಹಾಗಾಗಿ ನಾನೇ ಒಂದು ಆಟ ಕಟ್ಟುತ್ತಿದ್ದೇನೆ. ಸದ್ಯಕ್ಕೆ ರಟ್ಟು, ಚೀಟಿ, ದಾಳವಷ್ಟೇ. ಈ ಕಸುಬಿನಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಆಡಿಸಿ ನೋಡುವ ರೂಢಿ ಇದೆ. ಹಸಿ ಹೊಗೆಸೊಪ್ಪನ್ನು ಶಾಖ ಕೊಡುವ ಮನೆಯಾದ ಬ್ಯಾರನ್‌ಗೆ ಏರಿಸಿ ಬೇಯಿಸುವುದೇ ಆಟ. ಶಾಖವನ್ನು ಅವಸರದಲ್ಲಿ ಏರಿಸಿದರೆ ಎಲೆ ಹಸಿರಾಗೇ ಉಳಿಯುತ್ತದೆ, ತಡಮಾಡಿದರೆ ಕಂದುತ್ತದೆ. ಕೈಲಿರುವ ಸೌದೆ ಚೀಟಿ ಲೆಕ್ಕದಷ್ಟೇ. ಕೊನೆಗೆ ಬೇಲ್, ಅಂದರೆ ಸೊಪ್ಪಿನ ಕಟ್ಟುಗಳ ಹರಾಜು.

ಅಪ್ಪನನ್ನು ಕೂರಿಸಿ ಆಡಿಸಿದೆ. ಸೌದೆಯನ್ನು ಅಳೆದು ತೂಗಿ ಬಳಸಿದರು, ಮೊದಲ ದರ್ಜೆ ಎಲೆ ತೆಗೆದರು. ಹರಾಜಿನ ಬೆಲೆ ಚೀಟಿ ತಿರುಗಿಸಿದಾಗ ಕಡಿಮೆ ರೇಟು. ತಲೆ ಕೆಡಿಸಿಕೊಳ್ಳಲಿಲ್ಲ. "ಇದು ಸರಿಯಾಗಿದೆ. ಆದ್ರೆ ಸಾಲ ಎಲ್ಲಿ?" ಎಂದರು.

ಈಗ ಸಾಲದ ಚೀಟಿ ಕತ್ತರಿಸುತ್ತಿದ್ದೇನೆ. ಬಡ್ಡಿ ಎಷ್ಟಿರಬೇಕೆಂದು ಅಪ್ಪನೇ ಹೇಳುತ್ತಾರಂತೆ.