ಅಳಿವೆಯ ಕಾವಲು ಎಡೆದೊರೆಯಲ್ಲೇ ಶುರುವಾಗಬೇಕು

ಕೃಷ್ಣಾ ನದಿ ಬಂಗಾಳ ಕೊಲ್ಲಿ ಸೇರುವ ಜಾಗ ಹಂಸಲದೀವಿ. ಆಂಧ್ರದ ದಿವಿಸೀಮೆಯ ತುತ್ತತುದಿ. ಸುತ್ತ ಕಾಂಡ್ಲಾ ಕಾಡು, ಉಬ್ಬರದ ನೀರು ಹೋಗಿ ಬರುವ ಕೆಸರುಗಾಲುವೆಗಳು, ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಏರಿ ಬರುವ ಉಸುಕಿನ ದಂಡೆ. ಮೀನು ಹಿಡಿದು ಬದುಕುವ ಅಪರೂಪದ ಕಾಡುಬೆಕ್ಕೊಂದು ಈ ಕೆಸರಿನಲ್ಲಿದೆ. ಇಲ್ಲಿನ ಸುಮಾರು 194 ಚದರ ಕಿಲೋಮೀಟರ್ ನೆಲ-ನೀರನ್ನು ಕೃಷ್ಣಾ ವನ್ಯಜೀವಿಧಾಮವೆಂದು ಕಾಯ್ದಿಟ್ಟಿದ್ದಾರೆ. 1977ರ ನವೆಂಬರ್ 19ರಂದು ಚಂಡಮಾರುತ ಎಬ್ಬಿಸಿದ ಅಲೆ ದಿವಿಸೀಮೆಯ ಮೇಲೆ ಬಿದ್ದು ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲೆಗೆ ತಡೆಯಾಗಿ ನಿಲ್ಲುವ ಕಾಂಡ್ಲಾ ಕಾಡಿನ ಬೆಲೆ ಏನೆಂಬುದನ್ನು ಆ ಕರಾವಳಿಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆ ನೆಲ ಕಟ್ಟಿದ್ದು ನಮ್ಮ ರಾಯಚೂರು ಕಡೆಯ, ಎರಡು ಹೊಳೆಗಳ ನಡುವಿನ ಎಡೆದೊರೆ ನಾಡಿನ ಮಣ್ಣು. ಒಂದು ಕಡೆಯಿಂದ ದೇವದುರ್ಗದ ದಂಡೆ ಸವರಿಕೊಂಡು ಕೃಷ್ಣೆ, ಇನ್ನೊಂದು ಕಡೆಯಿಂದ ಮಾನ್ವಿಯ ದಂಡೆ ಸವರಿಕೊಂಡು ತುಂಗಭದ್ರೆ, ಎರಡೂ ಹೊಳೆ ಸಾವಿರಾರು ವರ್ಷ ಹೊತ್ತುಕೊಂಡು ಹೋದ ರೇವೆ ಮತ್ತು ಉಸುಕು ಕಡಲಂಚಿನಲ್ಲಿ ಕೂತು ಮುಖಜ ಭೂಮಿಯಾಯಿತು. ಈಗ ಅದು ಹೋಗುತ್ತಿಲ್ಲ. 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಹೂಳು ಕೃಷ್ಣೆಯ ಮುಖಜ ಭೂಮಿಯನ್ನು ಮುಟ್ಟುತ್ತಿತ್ತು. 2000ದಿಂದ 2005ರ ಹೊತ್ತಿಗೆ ಅದು 4 ಲಕ್ಷ ಟನ್ನಿನವರೆಗೂ ಇಳಿದಿತ್ತು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹೊಸ ಮಣ್ಣು ಬಾರದಿದ್ದರೆ ಅಲೆ ಹಳೆಯದನ್ನು ಕೊರೆಯುತ್ತದೆ. ವನ್ಯಜೀವಿಧಾಮದ ಗಡಿಗೆ ಎಷ್ಟೇ ಕಾವಲುಗಾರರನ್ನು ನಿಲ್ಲಿಸಿದರೂ ಈ ಕೊರೆತ ತಡೆಯಲು ಅವರಿಂದ ಆಗದು.

ಹೂಳು ಎಲ್ಲಿ ನಿಂತಿತು ಎಂಬುದು ನಮ್ಮ ರೈತರಿಗೆಲ್ಲ ಗೊತ್ತು. 1953ರಲ್ಲಿ ನೀರು ನಿಲ್ಲಿಸಲು ಶುರುವಾದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲು 132 ಟಿಎಂಸಿಗಿಂತ ಹೆಚ್ಚಿತ್ತು. 2016ರ ಅಳತೆಯಲ್ಲಿ ಅದು 105.788 ಟಿಎಂಸಿ. ಉಳಿದ ಜಾಗವೆಲ್ಲ ಹೂಳಿನದು. ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರು ತಾಲೂಕಿನವರು ಪ್ರತಿ ಬೇಸಿಗೆ ನೀರಿಗಾಗಿ ರಸ್ತೆಗಿಳಿಯುವುದರ ಹಿಂದೆ ಈ ಲೆಕ್ಕವೂ ಇದೆ. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಮಾತು ಹುಟ್ಟಿದ್ದೂ ಇದೇ ಹೂಳಿನಿಂದ. ಹಂಸಲದೀವಿಗೆ ಆದ ನಷ್ಟ ಮತ್ತು ಮಾನ್ವಿಯ ಟೇಲೆಂಡಿಗೆ ಆದ ನಷ್ಟ ಎರಡೂ ಒಂದೇ.

ಇನ್ನೊಂದು ನಂಟೂ ಇದೆ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಭತ್ತ ಬಲ್ಲ ಕುಟುಂಬಗಳು ಬಂದು ಗಂಗಾವತಿ, ಸಿಂಧನೂರು, ಮಾನ್ವಿ ತಾಲೂಕುಗಳಲ್ಲಿ ಹೊಲ ಕೊಂಡು ನೆಲೆ ನಿಂತವು. ಅವರ ಊರುಗಳನ್ನು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತೇವೆ. ಹೊಳೆಯ ಬಾಯಿಯ ಕಡೆಯವರು ಹೊಳೆಯ ನಡುವಿಗೆ ಬಂದು ನಮ್ಮವರಾದರು. ಅವರ ಹಿರಿಯರ ನೆಲವನ್ನು ಬೆಳೆಸಬೇಕಿದ್ದ ಮಣ್ಣು ಮಾತ್ರ ಮೇಲಿನ ಅಣೆಕಟ್ಟಿನ ಹಿಂದೆ ಕೂತಿದೆ.

ದೇವದುರ್ಗದಲ್ಲಿ ಉಳಿಸಿದ ಉಸುಕು ಮುಂದಿನ ಮಳೆಗಾಲಕ್ಕೆ ಹಂಸಲದೀವಿ ಸೇರುತ್ತದೆ ಎಂದು ಯಾರೂ ತಿಳಿಯಬಾರದು. ನಡುವೆ ಜುರಾಲ ಇದೆ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ ಇವೆ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜ್ ಇದೆ. ನಾನು ಹೇಳಹೊರಟಿರುವುದು ಬೇರೆ. ಅಳಿವೆಯನ್ನು ಕಟ್ಟುವ ಮತ್ತು ಕೆಡಿಸುವ ನಿಯಮ ಯಾವುದೋ ಅದೇ ನಿಯಮ ಎಡೆದೊರೆ ನಾಡಿನ ಹೊಳೆಪಾತ್ರಕ್ಕೂ ಅನ್ವಯಿಸುತ್ತದೆ. ಅಲ್ಲಿನಷ್ಟೇ ಕಟ್ಟುನಿಟ್ಟಿನ ಕಾವಲು ಇಲ್ಲಿಗೂ ಬೇಕು. ಅದು ಈವರೆಗೆ ಸಿಕ್ಕಿಲ್ಲ.

ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಅದರ ಕೆಳಗೆ ಕೃಷ್ಣೆ ತಿಂಥಣಿ ಬ್ರಿಜ್ ದಾಟಿ, ಕೊಪ್ಪರದ ನರಸಿಂಹ ದೇವರ ದಂಡೆ, ಗೂಗಲ್ ಬ್ಯಾರೇಜ್ ಹಾದು, ರಾಯಚೂರು ತಾಲೂಕಿನ ಕಾಡ್ಲೂರಿನ ಹತ್ತಿರ ಭೀಮೆಯನ್ನು ಕೂಡಿಕೊಳ್ಳುತ್ತದೆ. ಮೇಲಿನಿಂದ ಬರುವ ಉಸುಕಿಗೆ ಅಣೆಕಟ್ಟು ಅಡ್ಡ ನಿಂತ ಮೇಲೆ, ಭೀಮೆ ಕೂಡುವ ತನಕದ ದೇವದುರ್ಗದ ಪಾತ್ರಕ್ಕೆ ಹೊಸ ಉಸುಕು ತರುವುದು ಸುತ್ತಲಿನ ಹಳ್ಳಗಳು ಮಾತ್ರ. ಇವತ್ತು ಟಿಪ್ಪರ್ ತುಂಬಿಕೊಂಡು ಹೋಗುವ ಉಸುಕು ಬಹುಪಾಲು ಅಣೆಕಟ್ಟಿಗೂ ಮುಂಚಿನದು. ಬಡ್ಡಿ ಬರದ ಗಂಟು ಅದು, ತೆಗೆದಷ್ಟೂ ಕರಗುತ್ತದೆ. ಮಾನ್ವಿ ಕಡೆಯ ತುಂಗಭದ್ರೆಗೆ ಸಿರುಗುಪ್ಪದ ಹತ್ತಿರ ಹಗರಿ ಬಂದು ಸೇರುವುದರಿಂದ ಒಂದಿಷ್ಟು ಆಸರೆಯಿದೆ, ಆದರೆ ತೆಗೆಯುವ ವೇಗಕ್ಕೆ ಅದು ಸಾಟಿಯಲ್ಲ.

ಉಸುಕು ಮನೆ ಕಟ್ಟುವ ಸಾಮಾನು ಎಂದು ನೋಡುವವರಿಗೆ ಹೊಳೆಪಾತ್ರ ಒಂದು ಗುಡ್ಡೆಯಾಗಿ ಕಾಣುತ್ತದೆ. ದಂಡೆಯ ಊರವರಿಗೆ ಅದು ನೀರಿನ ಚೀಲ. ಬೇಸಿಗೆಯಲ್ಲಿ ಹರಿವು ನಿಂತರೂ ಉಸುಕಿನಲ್ಲಿ ಒಂದು ಗುಂಡಿ ತೋಡಿದರೆ ಒರತೆ ಏಳುತ್ತದೆ. ಉಸುಕು ಹೋಗಿ ಬಂಡೆ, ಜೇಡಿ ಉಳಿದ ಕಡೆ ಆ ನೀರು ಇಲ್ಲ, ದಂಡೆಯ ಬೋರುಗಳೂ ಒಂದೊಂದಾಗಿ ಬತ್ತುತ್ತವೆ. ಹೊಳೆಯ ನೀರನ್ನು ಸೋಸಿ ಕೊಡುವುದೂ ಅದೇ ಉಸುಕು. 2022ರ ಮೇ ತಿಂಗಳಲ್ಲಿ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಜನ ಸತ್ತಿದ್ದನ್ನು ನಾವು ಮರೆಯುವಂತಿಲ್ಲ. ಅದಕ್ಕೆ ಕಾರಣ ನಗರದ ನೀರು ಪೂರೈಕೆಯ ಅವ್ಯವಸ್ಥೆ, ನಿಜ. ಆದರೆ ಎರಡು ದೊಡ್ಡ ಹೊಳೆಗಳ ನಡುವಿನ ಜಿಲ್ಲಾ ಕೇಂದ್ರದಲ್ಲಿ ಕುಡಿಯುವ ನೀರೇ ವಿಷವಾಗುವ ಮಟ್ಟಕ್ಕೆ ನೀರಿನ ಬಗೆಗಿನ ನಮ್ಮ ಅಸಡ್ಡೆ ಬೆಳೆದಿದೆ ಎಂಬುದೂ ನಿಜ.

ಆ ಉಸುಕನ್ನೇ ನಂಬಿದ ಜೀವಗಳಿವೆ. ಕೃಷ್ಣೆಯ ಮೊಸಳೆ ಬೇಸಿಗೆಯ ಆರಂಭದಲ್ಲಿ ದಂಡೆಯ ಉಸುಕಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು, ಮಳೆಗೆ ಮುಂಚೆ ಮರಿ ಮಾಡುತ್ತದೆ. ಹೊಳೆ ರೀವ ಎಂಬ ಹಕ್ಕಿ ನಡುಹೊಳೆಯ ಉಸುಕಿನ ದಿಬ್ಬದ ಮೇಲೆ, ಗೂಡನ್ನೂ ಕಟ್ಟದೆ, ಬರಿ ನೆಲದಲ್ಲಿ ಮೊಟ್ಟೆ ಇಡುತ್ತದೆ. ಜೆಸಿಬಿ ಹೊಳೆಗಿಳಿಯುವುದೂ ನೀರು ಇಳಿದ ಅದೇ ತಿಂಗಳುಗಳಲ್ಲಿ. ಮೊಸಳೆಯನ್ನು ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿ ಇರಿಸಿ, ಅದು ಮೊಟ್ಟೆ ಇಡುವ ನೆಲವನ್ನು ಲೋಡಿನ ಲೆಕ್ಕದಲ್ಲಿ ಮಾರುತ್ತಿದ್ದೇವೆ.

ಉಸುಕಿನ ದಂಧೆ ಮನುಷ್ಯರನ್ನೂ ಬಿಟ್ಟಿಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇರುವುದು ಮಾನ್ವಿ ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿ. 2018ರ ಡಿಸೆಂಬರಿನಲ್ಲಿ ಇದೇ ತಾಲೂಕಿನಲ್ಲಿ, ಅಕ್ರಮ ಉಸುಕಿನ ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರ ಮೇಲೆ ಲಾರಿ ಹರಿದು ಅವರು ಸತ್ತರು. ನಿಯಮಗಳೇನೋ ಇವೆ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದಿತು. ಕೇಂದ್ರದ 2016 ಮತ್ತು 2020ರ ಮಾರ್ಗಸೂಚಿಗಳು ಮಳೆಗಾಲದಲ್ಲಿ ತೆಗೆಯಬಾರದು, ಮೂರು ಮೀಟರಿಗಿಂತ ಆಳ ಹೋಗಬಾರದು, ಹೊಸದಾಗಿ ಬಂದು ಕೂಡಿದ ಉಸುಕು ಎಷ್ಟೆಂದು ಅಳೆಯಬೇಕು ಎನ್ನುತ್ತವೆ. ರಾಜ್ಯದ 2020ರ ನೀತಿ ಸಣ್ಣ ಹಳ್ಳಗಳನ್ನು ಗ್ರಾಮ ಪಂಚಾಯಿತಿಗೂ ದೊಡ್ಡ ಹೊಳೆಗಳನ್ನು ಸರ್ಕಾರಿ ಸಂಸ್ಥೆಗಳಿಗೂ ವಹಿಸಿತು. ನಮ್ಮ ಭಾಗದಲ್ಲಿ ಆ ಹೊಣೆ ಹಟ್ಟಿ ಚಿನ್ನದ ಗಣಿ ಕಂಪನಿಯ ಹೆಗಲಿಗೆ ಬಂತು. ಆದರೆ ಈ ನಿಯಮಗಳು ಹೆಚ್ಚಾಗಿ ಉಸುಕನ್ನು ಹೇಗೆ ತೆಗೆಯಬೇಕು ಎಂಬುದರ ಬಗ್ಗೆ ಇವೆ. ಎಲ್ಲಿ ತೆಗೆಯಲೇಬಾರದು ಎಂದು ಗೆರೆ ಎಳೆದು, ಆ ಗೆರೆಯ ಒಳಗಿನ ಹೊಳೆಯನ್ನು ಒಂದು ಜೀವಂತ ನೆಲೆಯಾಗಿ ನೋಡಿಕೊಳ್ಳುವವರು ಯಾರೂ ಇಲ್ಲ.

ಕಡಲಂಚಿಗೆ ಅಂಥ ಗೆರೆ ಇದೆ. 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಜಾರಿಯಲ್ಲಿದೆ. ಉಬ್ಬರದ ಉಪ್ಪುನೀರು ಎಲ್ಲಿಯವರೆಗೆ ಒಳಬರುತ್ತದೋ ಅಲ್ಲಿಯವರೆಗೆ ಹೊಳೆಯ ದಂಡೆಗೂ ಅದರ ರಕ್ಷಣೆಯುಂಟು. ಉಪ್ಪು ಮುಗಿದಲ್ಲಿ ಕಾಯ್ದೆಯೂ ಮುಗಿಯುತ್ತದೆ. ನದಿದಂಡೆಗಳಿಗೂ ಇಂಥದೊಂದು ವಲಯ ಗೊತ್ತುಮಾಡಬೇಕೆಂಬ ಚರ್ಚೆ ದೆಹಲಿಯಲ್ಲಿ ಹಲವು ಸಲ ನಡೆದು ಹಾಗೇ ನಿಂತಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿದಾಗ, ಈ ದಂಡೆಯಲ್ಲೂ ಊರಿಗೆ ಊರೇ ಕೊಚ್ಚಿಹೋಗಿ, ಆಮೇಲೆ ‘ಆಸರೆ’ ಮನೆಗಳನ್ನು ಕಟ್ಟಿಕೊಡಬೇಕಾಯಿತು. ಹೊಳೆಗೆ ಅದರ ಅಗಲ ಬಿಡದಿದ್ದರೆ ಅದು ಬಂದು ತೆಗೆದುಕೊಳ್ಳುತ್ತದೆ.

ಮೇಲಿನ ನದಿ ಕೆಟ್ಟರೆ ಅಳಿವೆ ಕೆಡುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಪಡುವಣ ಕರಾವಳಿಯಲ್ಲಿ ಪಾಠವಿದೆ. ಅಣೆಕಟ್ಟಿಲ್ಲದ ಅಘನಾಶಿನಿ ಕುಮಟಾದ ಹತ್ತಿರ ಕಡಲು ಸೇರುವ ಕಡೆ ಚಿಪ್ಪಿಕಲ್ಲು ಆರಿಸಿ ಸಾವಿರಾರು ಸಂಸಾರಗಳು ಬದುಕುತ್ತವೆ, ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಅಳಿವೆಯ ಉಪ್ಪನ್ನೇ ತೆಳುವಾಗಿಸಿ, ಚಿಪ್ಪಿನ ಸಂಪತ್ತು ಕುಗ್ಗಿತು. ಅಲ್ಲಿ ಸಿಹಿನೀರು ಹೆಚ್ಚಾಗಿ ತೊಂದರೆ, ಕೃಷ್ಣೆಯ ಬಾಯಿಯಲ್ಲಿ ಕಡಿಮೆಯಾಗಿ ತೊಂದರೆ. 2024ರ ಜನವರಿ ಕೊನೆಯಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆಗೆ ರಾಮ್‌ಸರ್ ಮಾನ್ಯತೆ ಸಿಕ್ಕಿತು. ಅದೇ ಪಟ್ಟಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳೂ ಇದ್ದವು. ನಮ್ಮ ನೆರೆಹೊರೆಯ ಬಯಲುಸೀಮೆಯ ಕೆರೆಗಳು ಲೋಕದ ಪಟ್ಟಿ ಸೇರಬಹುದಾದರೆ ಎರಡು ಮಹಾನದಿಗಳ ಪಾತ್ರ ಯಾಕೆ ಕಣ್ಣಿಗೆ ಬೀಳಬಾರದು?

ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗಾಗಿಯೇ ದೇಶದಲ್ಲಿ ಮಾಡಿದ ಮೊದಲ ಮೀಸಲು ಅದು. ಅದರ ಕೊಪ್ಪಳದ ದಂಡೆ 1997ರವರೆಗೂ ರಾಯಚೂರು ಜಿಲ್ಲೆಯೇ ಆಗಿತ್ತು. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಗೆ ಸೇರಿದ ಈ ‘ಸಂರಕ್ಷಣಾ ಮೀಸಲು’ ಅಭಯಾರಣ್ಯದಷ್ಟು ಬಿಗಿಯಲ್ಲ. ಸರ್ಕಾರಿ ಜಾಗದಲ್ಲಿ, ಸ್ಥಳೀಯರ ಜೊತೆ ಮಾತಾಡಿ ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಇರಬೇಕು. ಊರವರನ್ನು ಎಬ್ಬಿಸುವ ಪ್ರಶ್ನೆಯಿಲ್ಲ. ಹೊಳೆಪಾತ್ರದಂಥ ಜಾಗಕ್ಕೆ ಇದಕ್ಕಿಂತ ಹೊಂದುವ ಏರ್ಪಾಡು ಕಾಯ್ದೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಫಲಕ ನೆಟ್ಟರೆ ಸಾಲದು. ಸಿಡಿಮದ್ದು ಎಸೆದು ಮೀನು ಹಿಡಿಯುವುದು, ಚರಂಡಿ ನೀರು, ದಂಡೆಯ ಒತ್ತುವರಿ, ಇವು ಘೋಷಣೆಯ ಮರುದಿನ ನಿಲ್ಲುವ ಕೆಲಸಗಳಲ್ಲ; ದಿನವೂ ದಂಡೆಯಲ್ಲಿ ಅಡ್ಡಾಡುವವರು ಬೇಕು.

ಆ ಅಡ್ಡಾಡುವವರು ಹೊಳೆ ಬಲ್ಲ ಅಂಬಿಗರೇ ಆಗಬೇಕು. ರಾಯಚೂರು ತಾಲೂಕಿನ ಕುರ್ವಕಲಾ, ಕುರ್ವಕುರ್ದಾದಂಥ ನಡುಗಡ್ಡೆಗಳ ಜನ ತಲೆಮಾರುಗಳಿಂದ ತೆಪ್ಪ ನಂಬಿ ಬದುಕಿದವರು. ಶ್ರೀಪಾದ ಶ್ರೀವಲ್ಲಭರ ಕುರವಪುರಕ್ಕೆ ಬರುವ ದತ್ತಭಕ್ತರೂ ಆ ತೆಪ್ಪವನ್ನೇ ಏರುತ್ತಾ ಬಂದವರು. ನೆರೆ ಬಂದಾಗ ಶಾಲೆ, ಆಸ್ಪತ್ರೆ, ಸಂತೆ ಎಲ್ಲ ಆಚೆ ದಂಡೆಯಲ್ಲಿ ಉಳಿಯುತ್ತವೆ. ನೀರಿಗಿಳಿದವರ ಮೇಲೆ ಮೊಸಳೆ ಬಿದ್ದ ಸುದ್ದಿ ಈ ಭಾಗದಿಂದ ಮೇಲಿಂದ ಮೇಲೆ ಬರುತ್ತದೆ. ಇವರಿಗೆ ಸೇತುವೆಯನ್ನಾಗಲಿ, ಮೊಸಳೆ ಬಾರದಂತೆ ಬೇಲಿ ಹಾಕಿದ ಮಡಿಕಟ್ಟೆಯನ್ನಾಗಲಿ, ಜೀವ ಹೋದಾಗ ತಡವಿಲ್ಲದ ಪರಿಹಾರವನ್ನಾಗಲಿ ಕೊಡದೆ ಮೊಸಳೆ ಉಳಿಸಿ ಎಂದು ಉಪದೇಶ ಮಾಡುವುದು ಅನ್ಯಾಯ. ಮೀಸಲಿನ ಯೋಜನೆಯಲ್ಲಿ ಮೊದಲ ಖರ್ಚು ಇವಕ್ಕೇ ಆಗಬೇಕು. ದೋಣಿ, ಕಾವಲು, ಮೊಟ್ಟೆ ಇಡುವ ಜಾಗಗಳ ಗುರುತು, ಎಲ್ಲಕ್ಕೂ ಸಂಬಳ ಕೊಟ್ಟು ಇಲ್ಲಿನ ಯುವಕರನ್ನೇ ತೆಗೆದುಕೊಳ್ಳಬೇಕು. ಉಸುಕಿನ ಕೂಲಿಗೆ ಹೋಗುವ ಹುಡುಗನಿಗೆ ಹೊಳೆ ಕಾಯುವ ಕೂಲಿ ಸಿಕ್ಕರೆ ಅವನು ಯಾವುದನ್ನು ಆರಿಸುತ್ತಾನೆ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ನೀರಿನ ಪಾಲೂ ಬೇಕು. 1970ರ ದಶಕದಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2,060 ಟಿಎಂಸಿಯನ್ನು ಮೂರು ರಾಜ್ಯಗಳಿಗೆ ಹಂಚುವಾಗ ಹೊಳೆಗೆಂದು ಪಾಲು ತೆಗೆದಿಡಲಿಲ್ಲ. 2010ರ ಡಿಸೆಂಬರಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಕನಿಷ್ಠ ಹರಿವಿಗೆಂದು 16 ಟಿಎಂಸಿ ಗುರುತಿಸಿತು. ಅದರಲ್ಲಿ ಕರ್ನಾಟಕ ಬಿಡಬೇಕಾದ್ದು 7. ಆ ತೀರ್ಪು ವ್ಯಾಜ್ಯದಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಗೆಜೆಟ್ ಕಾಣಲಿಲ್ಲ. ಬೇಸಿಗೆಯಲ್ಲಿ ಶಕ್ತಿನಗರದ 1,720 ಮೆಗಾವಾಟ್ ಉಷ್ಣ ಸ್ಥಾವರಕ್ಕೆ ನೀರು ಬಿಡಿಸಲು ಮೇಲಿನ ಜಲಾಶಯಕ್ಕೆ ಪತ್ರ ಹೋಗುತ್ತದೆ, ಊರುಗಳ ಕುಡಿಯುವ ನೀರಿಗೂ ಹೋಗುತ್ತದೆ. ಹೊಳೆಯ ಪರವಾಗಿ ಪತ್ರ ಬರೆಯುವ ಕಚೇರಿ ಇಲ್ಲ. ಮೀಸಲು ಘೋಷಣೆಯಾದರೆ ಆ ಕೆಲಸವನ್ನು ಅದರ ಸಮಿತಿ ಮಾಡಬಹುದು.

ಕೃಷ್ಣೆ-ತುಂಗಭದ್ರೆಯ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಕಾನೂನಿನ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ದೇವದುರ್ಗ, ಮಾನ್ವಿ, ರಾಯಚೂರು ತಾಲೂಕಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಗ್ರಾಮಸಭೆಗೆ ಹೋಗಿ. ಆ ದಾಖಲೆ ತೋರಿಸಿ ಎಂದು ಕೇಳಿ. ಮೊಸಳೆ ಮೊಟ್ಟೆ ಇಡುವ ದಂಡೆ, ಹಕ್ಕಿ ಕೂರುವ ದಿಬ್ಬ, ಒರತೆ ಏಳುವ ಜಾಗ ಅದರಲ್ಲಿ ಸೇರದಿದ್ದರೆ ಬರೆಸಿ. ನಮ್ಮೂರ ಹೊಳೆಪಾತ್ರವನ್ನು ಸಂರಕ್ಷಣಾ ಮೀಸಲು ಮಾಡಬೇಕೆಂದು ಠರಾವು ಮಾಡಿಸಿ, ಅದರ ಒಂದು ಪ್ರತಿಯನ್ನು ಅರಣ್ಯ ಇಲಾಖೆಗೂ ಇನ್ನೊಂದನ್ನು ಜಿಲ್ಲಾಧಿಕಾರಿಗಳಿಗೂ ಕಳಿಸಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಆಗಿರುವುದನ್ನು ಚೀಕಲಪರ್ವಿಯ ದಂಡೆಗೂ ಕೊಪ್ಪರದ ದಂಡೆಗೂ ಕೇಳುವ ಹಕ್ಕು ನಮಗಿದೆ.